ಗಂಗಾವತಿ ಮಿಲ್ಲುಗಳ ಆಟೋಮ್ಯಾಟಿಕ್ ಪ್ಯಾಕಿಂಗ್ ಲೈನು: ಹಮಾಲರ ಟೊಂಕದ ಲೆಕ್ಕದಲ್ಲಿ ಒಂದು ವಿಮರ್ಶೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ ನಡೆಸುವವರು ಪ್ಯಾಕಿಂಗ್ ಲೈನು ಕೊಳ್ಳಲು ಹೊರಟಾಗ ಮೊದಲು ಕೇಳುವ ಪ್ರಶ್ನೆ ಒಂದೇ: ನಿಮಿಷಕ್ಕೆ ಎಷ್ಟು ಚೀಲ? ಕೋಟೇಶನ್ನಿನ ಮೊದಲ ಸಾಲಿನಲ್ಲೂ ಅದೇ ಇರುತ್ತದೆ. ಚೀಲ ಹೊರಬೀಳುವ ಬೆಲ್ಟಿನ ಬಾಯಿ ನೆಲದಿಂದ ಎಷ್ಟು ಎತ್ತರ ಅನ್ನುವುದು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಹಮಾಲರ ಬೆನ್ನು ಉಳಿಯುವುದೂ ಕೆಡುವುದೂ ಆ ಬರೆಯದ ಅಳತೆಯ ಮೇಲೆ ನಿಂತಿರುವುದರಿಂದ ಈ ವಿಮರ್ಶೆ ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲಿ ನೋಡುತ್ತಿರುವುದು ಮಧ್ಯಮ ಗಾತ್ರದ ಮಿಲ್ಲಿಗೆ ಹೊಂದುವ ಲೈನು. ಮೇಲೆ ಅಕ್ಕಿ ತೂಗಿ ಕೆಳಕ್ಕೆ ಬಿಡುವ ಹಾಪರ್, ಅದರ ಕೆಳಗೆ ಚೀಲ ಹಿಡಿಯುವ ಗಾಳಿಯ ಕ್ಲ್ಯಾಂಪ್, ನಂತರ ಪಟ್ಟಿ ಕನ್ವೇಯರ್, ಹೊಲಿಗೆ ಮೆಷಿನ್, ಕೊನೆಗೆ ಚಕ್ರದ ಮೇಲೆ ಓಡಾಡುವ 20 ಅಡಿ ಉದ್ದದ ಏರು ಬೆಲ್ಟು. ಈ ಏರು ಬೆಲ್ಟನ್ನೇ ಎಲ್ಲರೂ ಸ್ಟ್ಯಾಕರ್ ಅನ್ನುತ್ತಾರೆ. ವೇಗ ನಿಮಿಷಕ್ಕೆ 8 ಚೀಲ, ಚೀಲ 26 ಕೆ.ಜಿ.ಯದು. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ 5% ಜಿಎಸ್‌ಟಿ ಬಂದ ಮೇಲೆ ಮಾರುಕಟ್ಟೆಯಲ್ಲಿ 26 ಕೆ.ಜಿ. ಚೀಲ ಓಡಾಡತೊಡಗಿದ್ದು ಓದುಗರಿಗೆ ಗೊತ್ತೇ ಇದೆ.

ತೂಗುವುದು, ತುಂಬುವುದು, ಹೊಲಿಯುವುದು, ಮೇಲಕ್ಕೆ ಸಾಗಿಸುವುದು ಯಂತ್ರದ ಕೆಲಸ. ಆದರೂ ಮೂರು ಕಡೆ ಮನುಷ್ಯ ಉಳಿದುಕೊಂಡಿದ್ದಾನೆ: ಖಾಲಿ ಚೀಲ ಸಿಕ್ಕಿಸುವ ಕಡೆ, ಹೊಲಿಗೆಯ ಕಡೆ, ಬೆಲ್ಟಿನ ಬಾಯಲ್ಲಿ. ಲೈನು ನಿಲ್ಲದೆ ಓಡಿದರೆ ಗಂಟೆಗೆ 480 ಚೀಲ, ಎಂಟು ಗಂಟೆಗೆ 3,840. 26ರಿಂದ ಗುಣಿಸಿದರೆ ಸುಮಾರು 100 ಟನ್. ಬೆಲ್ಟಿನ ಬಾಯಲ್ಲಿ ಇಬ್ಬರು ನಿಂತಿದ್ದರೆ ತಲೆಗೆ 50 ಟನ್ ಬಿತ್ತು. ಹಳೆಯ ಪದ್ಧತಿಯಲ್ಲಿ ಚೀಲ ಹೊತ್ತು ನಡೆದು, ಇಳಿಸಿ, ಬರಿಗೈಲಿ ವಾಪಸ್ ಬರುವಾಗ ಬೆನ್ನಿಗೆ ಅರ್ಧ ನಿಮಿಷ ಬಿಡುವು ಸಿಗುತ್ತಿತ್ತು. ಯಂತ್ರ ಆ ನಡಿಗೆಯನ್ನು ಉಳಿಸಿತು, ಜೊತೆಗೆ ಬಿಡುವನ್ನೂ ತೆಗೆದುಕೊಂಡು ಹೋಯಿತು. ಈಗ ತಾಳ ಹಾಕುವುದು ಮೆಷಿನ್, ಕುಣಿಯುವುದು ಮೈ.

ಬೆಲ್ಟಿನ ಬಾಯಿಯನ್ನೇ ಹತ್ತಿರದಿಂದ ನೋಡೋಣ. ಪಟ್ಟಿ ಕನ್ವೇಯರಿನಿಂದ ಸೀದಾ ಪ್ಯಾಲೆಟ್ಟಿಗೆ (ಚೀಲ ಪೇರಿಸುವ ಹಲಗೆ ಚೌಕಟ್ಟಿಗೆ) ಚೀಲ ಇಳಿಸುವ ಜೋಡಣೆಯಲ್ಲಿ ಬಾಯಿ ನೆಲದಿಂದ ಬರೀ 30 ಸೆಂ.ಮೀ. ಎತ್ತರದಲ್ಲಿರುತ್ತದೆ. ಚೀಲ ಬಂದು ನಿಲ್ಲುತ್ತದೆ. ಹಮಾಲ ಬಗ್ಗಿ ಎರಡು ಮೂಲೆ ಹಿಡಿಯುತ್ತಾನೆ. ಫ್ರೇಮಿನ ಕೆಳಗಿನ ಅಡ್ಡ ಆ್ಯಂಗಲ್ಲಿಗೆ ಅವನ ಕಾಲ್ಬೆರಳು ತಾಗುವುದರಿಂದ ಪಾದ ಒಳಕ್ಕೆ ಹೋಗುವುದಿಲ್ಲ, ಹಾಗಾಗಿ ಕೈ ಮುಂದಕ್ಕೆ ಚಾಚಲೇಬೇಕು. ಎತ್ತಿದವನು ಪಾದ ಕದಲಿಸದೆ ಟೊಂಕ ತಿರುಗಿಸಿ ಪಕ್ಕದ ಪ್ಯಾಲೆಟ್ಟಿನ ಮೇಲಿನ ಪದರಕ್ಕೆ ಹಾಕುತ್ತಾನೆ. ಅಷ್ಟರಲ್ಲಿ ಮುಂದಿನ ಚೀಲ ಬಂದು ನಿಂತಿರುತ್ತದೆ. ಬಗ್ಗು, ಚಾಚು, ತಿರುಗು. ಈ ಮೂರೂ ಒಂದೇ ಕ್ಷಣದಲ್ಲಿ ಸೇರಿದಾಗ ಬೆನ್ನುಮೂಳೆಯ ಕೆಳಭಾಗದ ಡಿಸ್ಕಿನ ಮೇಲೆ ಬೀಳುವ ಒತ್ತಡ ಚೀಲದ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹೀಗೆ ಎತ್ತುವಾಗ ಎಷ್ಟು ಭಾರ ಸುರಕ್ಷಿತ ಎಂದು ಅಂದಾಜಿಸಲು, ಕೆಲಸಗಾರರ ಸುರಕ್ಷತೆ-ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆ 1991ರಲ್ಲಿ ತಿದ್ದಿ ಕೊಟ್ಟ ಎತ್ತುವಿಕೆಯ ಸೂತ್ರವಿದೆ. ಎಲ್ಲ ಅನುಕೂಲ ಇದ್ದಾಗ 23 ಕೆ.ಜಿ. ಎಂದು ಅದು ಶುರು ಮಾಡುತ್ತದೆ, ಆಮೇಲೆ ಒಂದೊಂದು ಅನಾನುಕೂಲಕ್ಕೂ ಕಡಿತ ಹಾಕುತ್ತದೆ. ಮೇಲಿನ ಚಿತ್ರಕ್ಕೆ ಲೆಕ್ಕ ಹಾಕಿ ನೋಡಿ. ಕೈ ಮೈಯಿಂದ 45 ಸೆಂ.ಮೀ. ಮುಂದೆ ಇದ್ದರೆ 25 ಭಾಗಿಸು 45, ಅಂದರೆ 0.56. ಹಿಡಿತ 30 ಸೆಂ.ಮೀ. ಎತ್ತರದಲ್ಲಿದ್ದರೆ 0.865. ಚೀಲವನ್ನು 90 ಸೆಂ.ಮೀ. ಮೇಲಕ್ಕೆ ಒಯ್ದರೆ 0.87. ಮೈ 60 ಡಿಗ್ರಿ ತಿರುಗಿದರೆ 0.81. ಹಿಡಿ ಇಲ್ಲದ, ಜೋತು ಬೀಳುವ ಚೀಲಕ್ಕೆ 0.90. ನಿಮಿಷಕ್ಕೆ ನಾಲ್ಕರಂತೆ ಎರಡು ಗಂಟೆ ಎತ್ತಿದರೆ 0.72. ಎಲ್ಲ ಗುಣಿಸಿದರೆ ಉಳಿಯುವುದು 5 ಕೆ.ಜಿ.! ಎತ್ತುತ್ತಿರುವುದು 26. ಐದು ಪಟ್ಟು ಮೀರಿದೆ.

ಈಗ ಅದೇ ಲೈನಿನಲ್ಲಿ ಬಾಯಿಯನ್ನು 75 ಸೆಂ.ಮೀ.ಗೆ ಏರಿಸಿ. ಕೆಳಗಿನ ಅಡ್ಡ ಆ್ಯಂಗಲ್ ಕತ್ತರಿಸಿ ಪಾದ ಒಳಕ್ಕೆ ಹೋಗಲು 15 ಸೆಂ.ಮೀ. ಜಾಗ ಕೊಡಿ, ಕೈ ಚಾಚುವುದು 35 ಸೆಂ.ಮೀ.ಗೆ ಇಳಿಯುತ್ತದೆ. ತಿರುಗುವುದು ತಪ್ಪಲಿ, ಇಡುವ ಎತ್ತರವೂ ಬಾಯಿಯಿಂದ ಒಂದು ಗೇಣಿನ ಆಚೀಚೆ ಇರಲಿ. ಲೆಕ್ಕ 10.6 ಕೆ.ಜಿ.ಗೆ ಏರುತ್ತದೆ. ಸುರಕ್ಷಿತ ಮಿತಿಯನ್ನು ಇದು ಎರಡು ಪಟ್ಟು ಹೆಚ್ಚಿಸಿದಂತೆ, ಅದೂ ಮೋಟಾರು ಬೇಡದ, ವೆಲ್ಡಿಂಗ್ ಅಂಗಡಿಯ ಅರ್ಧ ದಿನದ ಕೆಲಸದಲ್ಲಿ. ಹಾಗಿದ್ದೂ 26 ಕೆ.ಜಿ. ಇನ್ನೂ ಎರಡೂವರೆ ಪಟ್ಟಿನ ಹತ್ತಿರವೇ ಇದೆ ಅನ್ನುವುದನ್ನು ಮುಚ್ಚಿಡಬಾರದು. ಎತ್ತುವುದನ್ನು ಸುಲಭ ಮಾಡಿದರೆ ಸಾಲದು, ಎತ್ತುವುದನ್ನೇ ತಪ್ಪಿಸಬೇಕು. ಸ್ಟ್ಯಾಕರ್ ಬೇಕಾಗುವುದು ಅದಕ್ಕಾಗಿ.

ತಿರುಗುವುದರ ಬಗ್ಗೆ ಒಂದು ಮಾತು. ಪ್ಯಾಲೆಟ್ಟು ಬೆಲ್ಟಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಒತ್ತಿ ಇಡುತ್ತಾರೆ. ಅದು ತಪ್ಪು. ಹತ್ತಿರ ಇದ್ದಾಗ ಪಾದ ನೆಟ್ಟು ನಿಂತು ಟೊಂಕ ತಿರುಗಿಸುವುದೇ ಸಲೀಸು ಅನ್ನಿಸುತ್ತದೆ. ಒಂದು ಮೀಟರ್ ದೂರ ಸರಿಸಿ, ಆಗ ಹೆಜ್ಜೆ ಇಡದೆ ಗತಿ ಇಲ್ಲ. ಪಾದ ತಿರುಗಿದರೆ ಟೊಂಕ ತಿರುಗುವುದಿಲ್ಲ.

ಸ್ಟ್ಯಾಕರಿನ ವಿಷಯಕ್ಕೆ ಬರೋಣ. ಲೈನಿನಲ್ಲಿ ನಿಜವಾಗಿ ದುಡ್ಡಿಗೆ ತಕ್ಕ ಭಾಗ ಇದು, ಹಾಗೆಯೇ ಅತಿ ಹೆಚ್ಚು ಕೆಟ್ಟದಾಗಿ ಬಳಕೆಯಾಗುವ ಭಾಗವೂ ಇದೇ. ಬೆಲ್ಟಿನ ಬಾಯಿ ಈಗ ಹಾಕುತ್ತಿರುವ ಪದರಕ್ಕಿಂತ 10ರಿಂದ 15 ಸೆಂ.ಮೀ. ಮೇಲೆ ಇದ್ದರೆ ಚೀಲ ತಾನೇ ಜಾರಿ ಬರುತ್ತದೆ. ಹಮಾಲ ಅದನ್ನು ಹಿಡಿದು ದಿಕ್ಕು ತೋರಿಸಿ ಕೂರಿಸಿದರೆ ಸಾಕು, ಎತ್ತುವ ಮಾತೇ ಇಲ್ಲ. 26 ಕೆ.ಜಿ. ಅಕ್ಕಿ ಚೀಲ ಮಲಗಿಸಿದಾಗ ಸುಮಾರು 12-13 ಸೆಂ.ಮೀ. ದಪ್ಪ ಬರುತ್ತದೆ. ಅಂದರೆ ನಿಟ್ಟಿನ (ಒಂದರ ಮೇಲೊಂದು ಪೇರಿಸಿದ ಚೀಲಗಳ ರಾಶಿಯ) ಪ್ರತಿ ಪದರಕ್ಕೂ ಬಾಯಿಯನ್ನು ಅಷ್ಟೇ ಏರಿಸಬೇಕು. ತೊಡಕು ಇರುವುದು ಏರಿಸುವ ವಿಧಾನದಲ್ಲಿ. ಅಗ್ಗದ ಮಾದರಿಗಳಲ್ಲಿ ಕೈಯಿಂದ ತಿರುಗಿಸುವ ವಿಂಚ್ ಇರುತ್ತದೆ. ಅದು ಬೆಲ್ಟಿನ ಬುಡದಲ್ಲಿ, ನಿಟ್ಟಿನ ಮೇಲೆ ನಿಂತವನಿಂದ 20 ಅಡಿ ಆಚೆ. ಪದರ ಮುಗಿದ ಪ್ರತಿ ಸಲ ಲೈನು ನಿಲ್ಲಿಸಿ, ಇಳಿದು ಬಂದು ತಿರುಗಿಸುವವರು ಯಾರು? ಕೂಲಿ ಚೀಲದ ಲೆಕ್ಕದಲ್ಲಿ. ನಿಂತ ನಿಮಿಷಕ್ಕೆ ಕಾಸಿಲ್ಲ. ಹಾಗಾಗಿ ಬಾಯಿಯನ್ನು ಮೊದಲೇ ನಾಲ್ಕೈದು ಪದರದಷ್ಟು ಮೇಲಕ್ಕೆ ಇಟ್ಟುಬಿಡುತ್ತಾರೆ. ಕೆಳಗಿನ ಪದರಗಳಿಗೆ ಚೀಲ ಅರ್ಧ ಮೀಟರ್ ಎತ್ತರದಿಂದ ಧೊಪ್ಪೆಂದು ಬೀಳುತ್ತದೆ, ಹೊಲಿಗೆ ಬಿಚ್ಚಬಾರದೆಂದು ಹಮಾಲ ಎದೆಗೆ ಹಿಡಿದು ತಡೆಯುತ್ತಾನೆ. ಮೇಲಿನ ಪದರಗಳಿಗೆ ಬಾಯಿ ಕೆಳಗಾಗಿ, ಬಗ್ಗಿ ಎಳೆದು ಎತ್ತುತ್ತಾನೆ. ಬೀಳುವ ಚೀಲವನ್ನು ಹಿಡಿಯುವುದಂತೂ ಎತ್ತುವುದಕ್ಕಿಂತ ಕೆಟ್ಟದ್ದು. ತೂಕ ಯಾವಾಗ ಕೈಗೆ ಬರುತ್ತದೆ ಎಂದು ಬೆನ್ನಿನ ಸ್ನಾಯುವಿಗೆ ಮೊದಲೇ ಗೊತ್ತಿರುವುದಿಲ್ಲ.

ಆದ್ದರಿಂದ ನಮ್ಮ ಸ್ಪಷ್ಟ ಸಲಹೆ: ಸ್ಟ್ಯಾಕರ್ ಕೊಳ್ಳುವುದಾದರೆ ಎಣ್ಣೆಯ ಒತ್ತಡದಿಂದ ಬೆಲ್ಟನ್ನು ಏರಿಸಿ ಇಳಿಸುವ ಹೈಡ್ರಾಲಿಕ್ ಪವರ್ ಪ್ಯಾಕ್ ಇರುವುದನ್ನೇ ಕೊಳ್ಳಿ, ಮೇಲೆ-ಕೆಳಗೆ ಗುಂಡಿ ಇರುವ ಡಬ್ಬಿಯನ್ನು ವೈರಿನಿಂದ ಬೆಲ್ಟಿನ ಮೇಲ್ತುದಿಗೆ ಜೋತು ಬಿಡಿಸಿ. ಗುಂಡಿ ನಿಟ್ಟಿನ ಮೇಲೆ ನಿಂತವನ ಕೈಗೆ ಸಿಗಬೇಕು. ಅಷ್ಟು ಆಗದಿದ್ದರೆ ವಿಂಚ್ ಮಾದರಿಗೆ ದುಡ್ಡು ಹಾಕುವುದು ಬೇಡ.

ಏರಿನ ಕೋನದಲ್ಲೂ ಒಂದು ಪೆಟ್ಟು ಇದೆ. ಈಗಿನ ಅಕ್ಕಿ ಚೀಲಗಳ ಮೇಲೆ ಬಣ್ಣದ ಚಿತ್ರದ ಹೊಳಪಿನ ಪದರ ಇರುತ್ತದೆ, ಗೋಣಿಚೀಲದ ಹಾಗೆ ಅದು ಬೆಲ್ಟನ್ನು ಕಚ್ಚಿ ಹಿಡಿಯುವುದಿಲ್ಲ. ನುಣುಪು ಬೆಲ್ಟಿನಲ್ಲಿ ಕೋನ ಹೆಚ್ಚಾದರೆ ಚೀಲ ನಿಂತಲ್ಲೇ ಜಾರುತ್ತದೆ, ಯಾರಾದರೂ ಹೋಗಿ ಭುಜ ಕೊಟ್ಟು ತಳ್ಳುತ್ತಾರೆ. ತಳ್ಳುವ ಹೆಗಲ ಮೇಲೆ ಟವೆಲ್, ಪಕ್ಕದಲ್ಲೇ ತಿರುಗುವ ಡ್ರಮ್ಮು. ಇದಕ್ಕಿಂತ ಅಪಾಯದ ಜೋಡಿ ಬೇರೆ ಬೇಕಿಲ್ಲ. ಒರಟು ಮುಖದ ಬೆಲ್ಟು ಇರಲಿ, ಕೆಳ ಡ್ರಮ್ಮಿಗೆ ಜಾಲಿ ಕವಚ ಇರಲಿ, ಬೆಲ್ಟಿನ ಎರಡೂ ಬದಿಗೆ ಎಳೆದರೆ ನಿಲ್ಲುವ ಹಗ್ಗದ ಸ್ವಿಚ್ ಇರಲಿ. ಕರೆಂಟ್ ಹೋದಾಗ ತುಂಬಿದ ಬೆಲ್ಟು ಹಿಂದಕ್ಕೆ ಓಡದಂತೆ ಮೋಟಾರಿಗೆ ಬ್ರೇಕ್ ಇದೆಯೇ ಎಂದು ಕೊಳ್ಳುವ ಮೊದಲೇ ಮೇನ್ ಸ್ವಿಚ್ ಕೆಳಗಿಳಿಸಿ ನೋಡಿ.

ಚೀಲ ಸಿಕ್ಕಿಸುವ ಜಾಗ ಹಗುರ ಕೆಲಸ ಅಂತ ಲೆಕ್ಕ. ಹಗುರ ಹೌದು, ಆದರೆ ಗಂಟೆಗೆ 480 ಸಲ ಹೆಬ್ಬೆರಳು-ತೋರುಬೆರಳಲ್ಲಿ ಚೀಲದ ಬಾಯಿ ಬಿಡಿಸಿ, ಎರಡೂ ಕೈ ಎತ್ತಿ, ಮಣಿಕಟ್ಟು ಒಳಕ್ಕೆ ಮಡಿಸಿ ಸಿಕ್ಕಿಸಬೇಕು. ತಿಂಗಳು ಕಳೆಯುವಷ್ಟರಲ್ಲಿ ಹೆಬ್ಬೆರಳ ಬುಡ, ಮಣಿಕಟ್ಟು, ಹೆಗಲು ದೂರು ಹೇಳತೊಡಗುತ್ತವೆ. ಚೀಲ ಸಿಕ್ಕಿಸುವ, ಅಕ್ಕಿ ಸುರಿಯುವ ಮೂತಿ ಮೊಣಕೈ ಮಟ್ಟದಲ್ಲಿದ್ದರೆ ಹೆಗಲಿಗೆ ಭಾರವಿಲ್ಲ. 26 ಕೆ.ಜಿ. ಚೀಲಕ್ಕೆ ಹಾಗೆ ಹೊಂದಿಸಿದ ಲೈನಿನಲ್ಲಿ 50 ಕೆ.ಜಿ. ಚೀಲ ಹಾಕಲು ಹೋದಾಗ ಮೂತಿಯನ್ನು ಮೇಲೇರಿಸಬೇಕಾಗುತ್ತದೆ, ಕೈ ಹೆಗಲಿನ ಎತ್ತರಕ್ಕೆ ಹೋಗುತ್ತದೆ. ಮೂತಿ ಏರಿಸುವ ಬದಲು ಕೆಳಗಿನ ಪಟ್ಟಿ ಕನ್ವೇಯರನ್ನು ಸ್ಕ್ರೂ ಜ್ಯಾಕಿನಿಂದ ಇಳಿಸುವಂತಿರುವ ಮಾದರಿ ಆರಿಸಿ. ಅದು ಇಲ್ಲದಿದ್ದರೆ ನಿಲ್ಲುವವನಿಗೆ 20 ಸೆಂ.ಮೀ. ಎತ್ತರದ ಅಗಲವಾದ ಮರದ ಹಲಗೆ ಕಟ್ಟೆ ಕೊಡಿ.

ಕ್ಲ್ಯಾಂಪ್ ಮುಚ್ಚಲು ಕಾಲಿನ ಪೆಡಲ್ ಕೊಟ್ಟಿರುವ ಮಾದರಿಗಳು ನಮಗೆ ಇಷ್ಟವಿಲ್ಲ. ಪೆಡಲ್ ಒತ್ತಿದಾಗಲೆಲ್ಲ ಮೈಭಾರ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ, ಸಾವಿರಾರು ಸಲ. ಮೂತಿಯ ಪಕ್ಕದಲ್ಲೇ ಅಂಗೈ ತಾಗಿಸಿದರೆ ಮುಚ್ಚುವ ಗುಂಡಿ ಒಳ್ಳೆಯದು. ಕ್ಲ್ಯಾಂಪ್ ಸಡಿಲವಾಗುವುದು ಸಾಮಾನ್ಯ ದೂರು. ಹೆಚ್ಚಿನ ಸಲ ಕಾರಣ ಕ್ಲ್ಯಾಂಪಿನಲ್ಲಿ ಇರುವುದಿಲ್ಲ, ಗಾಳಿಯ ಪೈಪಿನಲ್ಲಿ ಇರುತ್ತದೆ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ನಿಂತು ಫಿಲ್ಟರ್ ಬಟ್ಟಲು ತುಂಬಿ, ಸಿಲಿಂಡರಿಗೆ ಒತ್ತಡ ಸಾಕಾಗುವುದಿಲ್ಲ. ಆಗ ಚೀಲ ಕಳಚದಂತೆ ಕೆಲಸಗಾರ ಎರಡೂ ಕೈಯಿಂದ ಹಿಡಿದು ನಿಲ್ಲುತ್ತಾನೆ, ತುಂಬುತ್ತಿರುವ ಭಾರವೆಲ್ಲ ಬೆರಳಿಗೆ. ದಿನಾ ಬೆಳಿಗ್ಗೆ ಟ್ಯಾಂಕಿನ ಕೆಳಗಿನ ಕಾಕ್ ಬಿಚ್ಚಿ ನೀರು ಬಿಟ್ಟರೆ ಅರ್ಧ ಸಮಸ್ಯೆ ಹೋಯಿತು.

ಹೊಲಿಗೆ ಮೆಷಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಬದ ಮೇಲೆ ಮೆಷಿನ್ ತಲೆ ಏರಿಳಿಯುವಂತಿರಬೇಕು, 10 ಕೆ.ಜಿ. ಪುಟ್ಟ ಚೀಲ ಓಡಿಸುವ ದಿನ ಬಗ್ಗಿ ನಿಲ್ಲುವ ಪಾಡು ತಪ್ಪುತ್ತದೆ.

ಲೈನಿನ ಜೊತೆಗೆ ಮಾರಾಟಗಾರರು ಕೊಡುವ ಸಾಮಾನುಗಳಲ್ಲಿ ಸ್ಪ್ರಿಂಗ್ ಮೇಜು ಒಂದು. ಭಾರ ಏರಿದಂತೆ ಸ್ಪ್ರಿಂಗ್ ಕುಗ್ಗಿ, ಮೇಲಿನ ಪದರ ಯಾವಾಗಲೂ ಟೊಂಕದ ಮಟ್ಟದಲ್ಲೇ ಉಳಿಯುತ್ತದೆ. ಮೇಲೆ ತಿರುಗುವ ಬಳೆ ಇರುವುದರಿಂದ ಆಚೆ ಬದಿಗೆ ಕೈ ಚಾಚದೆ ಪ್ಯಾಲೆಟ್ಟನ್ನೇ ತಿರುಗಿಸಿಕೊಳ್ಳಬಹುದು. ವಸ್ತು ಬಹಳ ಒಳ್ಳೆಯದು. ಪದರಕ್ಕೆ ಐದರಂತೆ ಎಂಟು ಪದರ ಹಾಕಿದರೆ 40 ಚೀಲ, 1,040 ಕೆ.ಜಿ. ಸ್ಪ್ರಿಂಗನ್ನು ಆ ತೂಕಕ್ಕೆ ಆರಿಸಬೇಕು. ಎರಡು ಟನ್ನಿನ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮೇಜು ಸಾಕಷ್ಟು ಇಳಿಯುವುದಿಲ್ಲ, ಕೊನೆಯ ಪದರ ಎದೆ ದಾಟಿ ಹೋಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ಈ ಮೇಜಿನ ಮೇಲಿಂದ ತುಂಬಿದ ಪ್ಯಾಲೆಟ್ಟನ್ನು ಕೈಯಿಂದ ತಳ್ಳುವ ಪ್ಯಾಲೆಟ್ ಟ್ರಕ್ಕು ತೆಗೆಯಲಾರದು, ಫೋರ್ಕ್‌ಲಿಫ್ಟ್ ಬೇಕು. ಫೋರ್ಕ್‌ಲಿಫ್ಟ್ ಇಲ್ಲದ ಮಿಲ್ಲು ಇದನ್ನು ಕೊಂಡರೆ ವಾರದೊಳಗೆ ಅದು ಗುದಾಮಿನ ಮೂಲೆ ಸೇರುತ್ತದೆ. ಅಂಥವರಿಗೆ ನೆಲಕ್ಕೆ ಪೂರ್ತಿ ಇಳಿಯುವ, ಇಂಗ್ಲಿಷಿನ ಯು ಅಕ್ಷರದ ಆಕಾರದ ಹೈಡ್ರಾಲಿಕ್ ಮೇಜು ಸರಿ. ಅದರೊಳಕ್ಕೆ ಕೈ ಟ್ರಕ್ಕು ಸೀದಾ ಹೋಗುತ್ತದೆ.

ಕೈ ಟ್ರಕ್ಕಿನ ಮಾತು ಬಂದದ್ದರಿಂದ ನೆಲದ ಮಾತೂ ಬರಬೇಕು. ನಮ್ಮ ಕಡೆಯ ಹಳೆಯ ಗುದಾಮುಗಳಲ್ಲಿ ಶಹಾಬಾದ್ ಕಲ್ಲು ಹಾಸಿರುತ್ತದೆ. ಫೋರ್ಕಿನ ಕೆಳಗಿನ ಗಾಲಿ ಸುಮಾರು 80 ಮಿ.ಮೀ. ಅಷ್ಟೇ, ಕಲ್ಲಿನ ಸಂದಿಗೆ ಸಿಕ್ಕಿ ನಿಲ್ಲುತ್ತದೆ. ಒಂದು ಟನ್ ಭಾರವನ್ನು ನಿಂತಲ್ಲಿಂದ ಅಲುಗಿಸುವ ಮೊದಲ ಜಗ್ಗಾಟದಲ್ಲೇ ಟೊಂಕ ಹಿಡಿಯುತ್ತದೆ. ಸಂದಿಗಳಿಗೆ ಸಿಮೆಂಟ್ ತುಂಬಿ ಸಮ ಮಾಡಿಸಿ, ನೈಲಾನ್ ಬದಲು ಪಾಲಿಯುರಿಥೇನ್ ಗಾಲಿ ಹಾಕಿಸಿ. ಎಳೆಯುವುದಕ್ಕಿಂತ ತಳ್ಳುವುದು ಬೆನ್ನಿಗೆ ಹಿತ, ಹಿಮ್ಮಡಿಗೆ ಗಾಲಿ ಹತ್ತುವ ಭಯವೂ ಇಲ್ಲ.

ನಿಲ್ಲುವ ಜಾಗಕ್ಕೆ ಹಾಕುವ ರಬ್ಬರ್ ಮ್ಯಾಟು ಚೀಲ ಸಿಕ್ಕಿಸುವವನಿಗೂ ಹೊಲಿಗೆಯವನಿಗೂ ನಿಜಕ್ಕೂ ಉಪಯೋಗ, ಎಂಟು ಗಂಟೆ ಕಾಂಕ್ರೀಟಿನ ಮೇಲೆ ನಿಂತ ಕಾಲಿಗೆ ಅದರ ಬೆಲೆ ಗೊತ್ತು. ಅಂಚು ಇಳಿಜಾರಾಗಿರಲಿ, ಇಲ್ಲದಿದ್ದರೆ ಮಡಚಿಕೊಂಡು ಎಡವಿಸುತ್ತದೆ. ತೌಡಿನ ಧೂಳು ಕೂತರೆ ಎಣ್ಣೆ ಸವರಿದಂತೆ ಜಾರುತ್ತದೆ, ಆದ್ದರಿಂದ ಪಾಳಿಗೆ ಎರಡು ಸಲವಾದರೂ ಗುಡಿಸಬೇಕು. ಎತ್ತಿ ಹೆಜ್ಜೆ ಹಾಕುವ ಬೆಲ್ಟಿನ ಬಾಯಲ್ಲಿ ಮ್ಯಾಟು ಬೇಡವೇ ಬೇಡ.

ಸೊಂಟಕ್ಕೆ ಕಟ್ಟುವ ಬೆಲ್ಟು? ಕೊಳ್ಳಬೇಡಿ. ಅಮೆರಿಕದ ಅಂಗಡಿ ಕೆಲಸಗಾರರ ಮೇಲೆ ನಿಯೋಷ್ ನಡೆಸಿದ ದೊಡ್ಡ ಅಧ್ಯಯನ 2000ದಲ್ಲಿ ಪ್ರಕಟವಾಯಿತು, ಬೆಲ್ಟಿನಿಂದ ಬೆನ್ನಿನ ಗಾಯ ಕಡಿಮೆಯಾದದ್ದು ಅದರಲ್ಲಿ ಕಂಡುಬರಲಿಲ್ಲ. ಕಟ್ಟಿಕೊಂಡವರಿಗೆ ಇನ್ನಷ್ಟು ಎತ್ತಬಲ್ಲೆ ಅನ್ನುವ ಧೈರ್ಯ ಬರುವುದೇ ಅದರ ಕೆಡುಕು.

ಲೈನು ಬಂದ ಮೇಲೆ ಮಾಲೀಕರು ಮಾಡುವ ಮೊದಲ ಉಳಿತಾಯ ಎಂದರೆ ಬೆಲ್ಟಿನ ಬಾಯಿಂದ ಒಬ್ಬನನ್ನು ತೆಗೆಯುವುದು. ಇದನ್ನು ಖಂಡಿತ ಮಾಡಬಾರದು. ಒಬ್ಬನೇ ನಿಮಿಷಕ್ಕೆ ಎಂಟು ಎತ್ತಿದರೆ ಮೇಲಿನ ಸೂತ್ರದ 0.72 ಇಳಿದು 0.35 ಆಗುತ್ತದೆ, 5 ಕೆ.ಜಿ. ಇದ್ದದ್ದು ಎರಡೂವರೆ ಕೆ.ಜಿ.ಗೆ ಬರುತ್ತದೆ. ಉಳಿದ ಸುಧಾರಣೆಯೆಲ್ಲ ನೀರಿನಲ್ಲಿ ಹೋಮ. ಮತ್ತೆ 0.72 ಎಂಬ ಅಂಕಿಯೂ ಸುಮ್ಮನೆ ಸಿಗುವುದಲ್ಲ, ಎರಡು ಗಂಟೆ ಎತ್ತಿದವನಿಗೆ ಆಮೇಲೆ ಕನಿಷ್ಠ 36 ನಿಮಿಷ ಹಗುರ ಕೆಲಸ ಕೊಟ್ಟರೆ ಮಾತ್ರ ಅದು ಅನ್ವಯ. ಚೀಲ ಎಣಿಸುವುದು, ಬ್ಯಾಚ್ ಮುದ್ರೆ ನೋಡುವುದು, ಖಾಲಿ ಚೀಲ ಜೋಡಿಸುವುದು ಆ ಹೊತ್ತಿಗೆ ಸರಿಹೋಗುತ್ತದೆ. ಸ್ಥಾನ ಬದಲಿಸುವಾಗ ಬೆಲ್ಟಿನ ಬಾಯಿಂದ ಬಂದವನನ್ನು ಇನ್ನೊಂದು ಎತ್ತುವ ಜಾಗಕ್ಕೆ ಕಳಿಸಿದರೆ ಬದಲಾವಣೆ ಹೆಸರಿಗಷ್ಟೇ. ಏಪ್ರಿಲ್-ಮೇನಲ್ಲಿ ತಗಡಿನ ಮಾಡಿನ ಕೆಳಗೆ ಹೊರಗಿನ 40 ಡಿಗ್ರಿಗಿಂತ ಜಾಸ್ತಿ ಕಾವು. ಬೇಸಿಗೆ ಬೆಳೆ ಮಿಲ್ಲಿಗೆ ಬರುವುದೂ ಆಗಲೇ. ಆ ಎರಡು ತಿಂಗಳು ಲೈನಿನ ವೇಗದ ಗುಂಡಿಯನ್ನು 8ರಿಂದ 6ಕ್ಕೆ ಇಳಿಸಿ, ಕುಡಿಯುವ ನೀರನ್ನು ಆಫೀಸಿನ ಬಾಗಿಲಲ್ಲಿ ಇಡದೆ ಬೆಲ್ಟಿನ ಪಕ್ಕ ಇಡಿ. ವೇಗ ಬದಲಿಸುವ ಡ್ರೈವ್ ಇಲ್ಲದ ಲೈನು ಕೊಳ್ಳಲೇಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಕಾಡುವ ಒಂದು ಸಂಗತಿ ಇದೆ. ಈ ಲೈನು ಯಂತ್ರಕ್ಕೆ ಒಪ್ಪಿಸಿದ್ದು ಮಿಲ್ಲಿನ ಹಗುರ ಚೀಲವನ್ನು. ಹಿಂಬಾಗಿಲಲ್ಲಿ ಟ್ರ್ಯಾಕ್ಟರಿನಿಂದ ಇಳಿಯುವ ಭತ್ತದ ಚೀಲ ಇವತ್ತಿಗೂ 75 ಕೆ.ಜಿ., ಇವತ್ತಿಗೂ ಬೆನ್ನಿನ ಮೇಲೆ. ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ಮೀರದಂತೆ ನೋಡಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ಗಾಯ ಮಾಡುವಷ್ಟು ಭಾರ ಯಾರಿಂದಲೂ ಎತ್ತಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ ಅದಕ್ಕೂ ಮೊದಲೇ ಹೇಳಿತ್ತು. ಕೈಯಲ್ಲಿರುವ ದುಡ್ಡು ಒಂದೇ ಕೆಲಸಕ್ಕೆ ಸಾಕು ಅನ್ನುವ ಮಿಲ್ಲಿಗೆ ನಮ್ಮ ಮಾತು ಇಷ್ಟೇ: ಪ್ಯಾಕಿಂಗ್ ಲೈನು ಮುಂದಿನ ವರ್ಷಕ್ಕೆ ಇರಲಿ, ಮೊದಲು ಹಿಂದಿನ ಅಂಗಳದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಭತ್ತದ ಗುಂಡಿ ತೋಡಿಸಿ. ಟ್ರಾಲಿ ಹಿಂದಕ್ಕೆ ಬಂದು ರಾಶಿ ಭತ್ತವನ್ನು ಸೀದಾ ಸುರಿಯಲಿ, ಎಲಿವೇಟರ್ ಮೇಲಕ್ಕೆ ಒಯ್ಯಲಿ. ಚೀಲದಲ್ಲೇ ಬಂದರೂ ಟ್ರಾಲಿಯ ಹಲಗೆ ಗುಂಡಿಯ ಅಂಚಿಗೆ ತಾಗುವಂತಿದ್ದರೆ ಹೊರುವುದು ತಪ್ಪಿ ಉರುಳಿಸಿ ಹೊಲಿಗೆ ಬಿಚ್ಚುವುದಷ್ಟೇ ಉಳಿಯುತ್ತದೆ. ಜಾಲರಿಯ ಸಂದಿ ಕಾಲು ಇಳಿಯದಷ್ಟು ಕಿರಿದಾಗಿರಬೇಕು, ಟ್ರಾಲಿಯ ಗಾಲಿ ತಡೆಯಲು ಗಟ್ಟಿ ಕಟ್ಟೆ ಇರಬೇಕು.

ಪ್ಯಾಕಿಂಗ್ ಲೈನನ್ನೇ ಕೊಳ್ಳುವುದೆಂದು ತೀರ್ಮಾನವಾದರೆ ಕೊನೆಯ ಕಂತು ಕೊಡುವ ಮೊದಲು ನಿಮ್ಮದೇ ಚೀಲ, ನಿಮ್ಮದೇ ಹಮಾಲರ ಗುಂಪು ಇಟ್ಟು ಪೂರ್ತಿ ಎರಡು ಗಂಟೆ ಓಡಿಸಿ. ಕೈಯಲ್ಲಿ ಅಳತೆ ಟೇಪು ಇರಲಿ: ಬಾಯಿಯ ಎತ್ತರ, ಪಾದದ ಜಾಗ, ಪದರಕ್ಕೂ ಬಾಯಿಗೂ ಇರುವ ಅಂತರ. ನಿಟ್ಟಿನ ಮೇಲೆ ನಿಂತವನು ಆ ಎರಡು ಗಂಟೆಯಲ್ಲಿ ಎತ್ತರದ ಗುಂಡಿಯನ್ನು ಎಷ್ಟು ಸಲ ಒತ್ತಿದ ಎಂದು ಗೋಡೆಯ ಮೇಲೆ ಗೆರೆ ಹಾಕಿ ಎಣಿಸಿ. ಪದರಗಳ ಲೆಕ್ಕಕ್ಕಿಂತ ಗೆರೆ ಕಡಿಮೆ ಬಿದ್ದಿದ್ದರೆ ಗುಂಡಿ ಅವನ ಕೈಗೆಟುಕುವಲ್ಲಿ ಇಲ್ಲ. ಅದನ್ನು ಸರಿಯಾದ ಜಾಗಕ್ಕೆ ತಂದು ಕಟ್ಟಿಕೊಟ್ಟ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.